ಅಪ್‌ಡೇಟ್: ಅಪ್ಪ-ಅಮ್ಮನ ಜೊತೆ ಬೆಂಗಳೂರಿನ ಹಳೇ ಹೋಟೆಲ್‌ಗಳು

ಶಿವಮೊಗ್ಗದಿಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇವೆ, ಅಮ್ಮನಿಗೆ ಮಂಡಿನೋವು, ಬೆಂಗಳೂರಿನಲ್ಲಿ ತಿಂಡಿಗೆ ಎಲ್ಲಿ ಹೋಗೋದು ಅಂತ ಕೇಳಿದ್ದೆ. ಹೋಗಿ ಬಂದೆವು.

ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ ಅಂತ ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್. ಗುರುವಾರ ಸಂಜೆಯೇ ಹೋದೆವು. ಸ್ವಲ್ಪ ಕಾಯಬೇಕಾಯಿತು, ಆದರೆ ಪಕ್ಕದಲ್ಲೇ ಗಾಂಧಿ ಬಜಾರ್ ಅಲ್ವಾ, ಅಮ್ಮ ಮಲ್ಲಿಗೆ ರೇಟು ಕೇಳುತ್ತಾ ಮಂಡಿನೋವನ್ನೇ ಮರೆತರು. ಸಪ್ಲೈಯರ್ ಒಂದೇ ಕೈ ಮೇಲೆ ಮೊಣಕೈವರೆಗೂ ದೋಸೆ ತಟ್ಟೆ ಪೇರಿಸಿಕೊಂಡು ಬಂದಾಗ ಅಪ್ಪ ತಿನ್ನೋದು ಬಿಟ್ಟು ನೋಡುತ್ತಾ ಕೂತರು. ದೋಸೆ ದಪ್ಪ, ಅಂಚು ಗರಿಗರಿ, ಬೆರಳಿಗೆಲ್ಲಾ ತುಪ್ಪ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ನಿಂತೇ ತಿನ್ನಬೇಕು, ಸಾಂಬಾರ್ ಇಲ್ಲ, ಬರೀ ಚಟ್ನಿ. ಅಮ್ಮನಿಗೆ ಕಾರಿಗೇ ಇಡ್ಲಿ ತಂದುಕೊಟ್ಟೆ. ಸಾಂಬಾರ್ ಇಲ್ಲದೆ ಇಡ್ಲಿ ಎಂಥದ್ದು ಎಂದು ಗೊಣಗಿದ ಅಪ್ಪ ಚಟ್ನಿಗೆ ಮತ್ತೆ ಮತ್ತೆ ಕೌಂಟರ್‌ಗೆ ಹೋದರು!

ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ರವೆ ಇಡ್ಲಿ ತಿಂದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹುಟ್ಟಿದ ತಿಂಡಿ ಅಂತ ಹೇಳಿದ್ದಕ್ಕೆ ಅಮ್ಮ, 'ಒಳ್ಳೇದೇ ಆಯ್ತು ಬಿಡು' ಅಂದರು.

ಬೇಜಾರಾಗಿದ್ದು ಮಾಲ್ ಒಂದರಲ್ಲಿ ಮಾತ್ರ. ತಣ್ಣಗಿನ ಪೂರಿಗೆ ಸುಮ್ನೆ ದುಡ್ಡು ಜಾಸ್ತಿ. ಮಲ್ಲೇಶ್ವರ ಟ್ರಾಫಿಕ್‌ನಿಂದಾಗಿ ತಪ್ಪಿತು. ಅಲ್ಲಿನ ಇಡ್ಲಿ ಅಂಗಡಿ ವೀಣಾ ಸ್ಟೋರ್ಸ್‌ಗೆ ಹೋಗಿ ಅಂತ ಹೇಳಿದವರೇ, ದಸರಾ ರಜೆಗೆ ಮತ್ತೆ ಬರುತ್ತೇವೆ. ಅಲ್ಲಿ ಬೆಳಿಗ್ಗೆ ಎಷ್ಟು ಗಂಟೆಗೆ ಹೋದರೆ ರಶ್ ಕಮ್ಮಿ?