ಅಪ್‌ಡೇಟ್: ಟಿ-55ರ ಸರಪಳಿ ಕೊನೆಗೂ ಜೋತುಬಿದ್ದಿತು

ಕಳೆದ ತಿಂಗಳು ಕೇಳಿದ್ದೆ: 1:35 ಅಳತೆಯ ಟಿ-55 ಟ್ಯಾಂಕ್ ಮಾದರಿಯ ರಬ್ಬರಿನಂಥ ಸರಪಳಿ ಪಟ್ಟಿ ಚಕ್ರಗಳ ಮೇಲೆ ಸೆಟೆದು ನಿಲ್ಲುತ್ತದೆ, ಏನು ಮಾಡಲಿ ಎಂದು. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೆಲಸ ಆಯಿತು.

ಟಿ-55ಕ್ಕೆ ಮೇಲ್ಭಾಗದಲ್ಲಿ ಆಸರೆಯ ಉರುಳೆಗಳೇ ಇಲ್ಲ. ಪ್ರತಿ ಬದಿಯ ಐದು ದೊಡ್ಡ ಚಕ್ರಗಳ ನೆತ್ತಿಯ ಮೇಲೆಯೇ ಸರಪಳಿ ಒರಗಬೇಕು. ಮೊದಲ ಮತ್ತು ಎರಡನೆಯ ಚಕ್ರದ ನಡುವಿನ ಅಗಲ ಸಂದಿನಲ್ಲಿ ಅದು ಜೋತುಬೀಳದಿದ್ದರೆ ಟ್ಯಾಂಕಿಗೆ ತೂಕವೇ ಬರುವುದಿಲ್ಲ. ಪ್ಲಾಸ್ಟಿಕ್ ಅಂಟು ಹಿಡಿಯಲಿಲ್ಲ. ಗುಂಡುಸೂಜಿಯ ತುದಿಯಿಂದ ಸೂಪರ್ ಗ್ಲೂ ಒಂದೊಂದೇ ಹನಿ ಇಟ್ಟು, ಮಡ್‌ಗಾರ್ಡ್ ಕೆಳಗೆ ಸ್ಪಂಜಿನ ತುಂಡು ತುರುಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತೆಗೆದಾಗ ಸರಪಳಿ ಒದ್ದೆ ಹಗ್ಗದ ಹಾಗೆ ಭಾರವಾಗಿ ಮಲಗಿತ್ತು!

ಧೂಳಿಗೆ ನಿಜವಾದ ಮಣ್ಣನ್ನೇ ಹಚ್ಚಿ ಎಂಬ ನಿಮ್ಮ ಸಲಹೆ ಮಾತ್ರ ಕೈಬಿಟ್ಟೆ. ಚಿತ್ರದುರ್ಗದ ನಮ್ಮ ಹಿತ್ತಿಲಿನ ಕೆಮ್ಮಣ್ಣನ್ನು ತೆಳುಬಟ್ಟೆಯಲ್ಲಿ ಸೋಸಿ ಹಚ್ಚಿ ನೋಡಿದೆ, ಚೆಂದವೇ ಇತ್ತು. ಆದರೆ ನನ್ನ ಟ್ಯಾಂಕ್ 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಜಮ್ಮು ಕಡೆಯ ಛಂಬ್‌ನಲ್ಲಿ ನಡೆದ ಕಾಳಗದ್ದು. ಆ ನದಿಬಯಲಿಗೆ ನಮ್ಮ ಕೆಂಪು ಸಲ್ಲದು. ಒರೆಸಿ ತೆಗೆದು, ಮಾಸಲು ಕಂದು ಬಣ್ಣದ ಚಾಕ್ ಪುಡಿ ಬಳಿದೆ. ಮಡ್‌ಗಾರ್ಡ್ ಮೂಲೆಯಲ್ಲಿ ಇನ್ನೂ ಒಂದಿಷ್ಟು ಕೆಂಪು ಉಳಿದಿದೆ, ಒದ್ದೆ ಬ್ರಷ್‌ನಿಂದ ತೆಗೆಯಬೇಕು. ಆಮೇಲೆ ಟರೆಟ್‌ನ (ತೋಪು ಹೊತ್ತು ತಿರುಗುವ ಮೇಲ್ಭಾಗದ) ಹಿಡಿಕೆಗಳು. ಅವಕ್ಕೆ ತಾಮ್ರದ ತಂತಿ ಬಗ್ಗಿಸಿ ಇಟ್ಟುಕೊಂಡಿದ್ದೇನೆ.