ಮದುವೆಯ ಬಂಗಾರಕ್ಕೆ ವಿಮೆ: ಕೇಳಿದವರಿಗೆ ಕಂಡವರ ಮಾತು

ಕೋರಿಕೆ, ರಾಯಚೂರಿನಿಂದ:
ಕಳೆದ ತಿಂಗಳು ಮಗಳ ಮದುವೆ ಮುಗಿಯಿತು. ನಾವು ಮಾಡಿಸಿದ ಒಡವೆಗಳಿಗೆ ರಸೀದಿಗಳಿವೆ; ಆದರೆ ಅಜ್ಜಿಯ ಬೋರಮಾಳಕ್ಕೆ, ಸೋದರಮಾವ ಕೊಟ್ಟ ಪಾಟಲಿಗಳಿಗೆ, ಮುಯ್ಯಿಯಾಗಿ ಬಂದ ಬೆಳ್ಳಿ ಸಾಮಾನುಗಳಿಗೆ ಯಾವ ಕಾಗದವೂ ಇಲ್ಲ. ಎಲ್ಲವೂ ಸದ್ಯ ನಮ್ಮಲ್ಲಿಯೇ ಇವೆ. ಮನೆಗೆ ವಿಮೆ ಇದೆ. ಅಷ್ಟು ಸಾಕೇ? ಬಲ್ಲವರು ತಿಳಿಸಬೇಕು.

ಸಿಂಧನೂರಿನಿಂದ:
ಹಿರಿಯರೇ, ಮೊದಲು ಆ ಪಾಲಿಸಿಯನ್ನು ಹೊರತೆಗೆದು ಓದಿರಿ. ಅದು 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಆಗಿದ್ದರೆ, ಬೆಂಕಿ, ಸಿಡಿಲು, ಪ್ರವಾಹದಂಥ ಅನಾಹುತಗಳಿಗೆ ಆಗುತ್ತದೆಯೇ ಹೊರತು ಕಳವಿಗೆ ಆಗುವುದಿಲ್ಲ. ಅನಾಹುತ ನಡೆದು 7 ದಿನಗಳೊಳಗೆ, ಅದರ ಕಾರಣದಿಂದಲೇ ಆದ ಕಳವಿಗೆ ಮಾತ್ರ ಪರಿಹಾರವುಂಟು. ಬಂಗಾರವಂತೂ ತಾನಾಗಿ ಅದರಲ್ಲಿ ಸೇರುವುದಿಲ್ಲ, ಕೇಳಿ ಸೇರಿಸಬೇಕು.

ಇದು ನನಗೆ ತಿಳಿದದ್ದು ಮನೆ ಕಳವಾದ ಮೇಲೆ. ಭತ್ತದ ಕೊಯ್ಲಿಗೆಂದು ಮೂರು ದಿನ ಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಬಾಗಿಲ ಕೊಂಡಿ ಕಿತ್ತಿತ್ತು, ತಿಜೋರಿಯ ಮುಂದೆ ಒಡವೆ ಕಟ್ಟಿಟ್ಟಿದ್ದ ಕೆಂಪು ಬಟ್ಟೆ ಒಂದೇ ಉಳಿದಿತ್ತು. ಕಂಪನಿಯವರು ಹಣ ಸಲ್ಲದೆಂದು ಬರೆದರು. ಸಿಟ್ಟು ಬಂದಿತು ನಿಜ, ಆದರೆ ಪಾಲಿಸಿ ಓದಿದರೆ ಅವರು ಹೇಳಿದ್ದೇ ಸರಿಯಾಗಿತ್ತು. ಈಗ ಕಳವಿನ ವಿಮೆಯನ್ನು ಬೇರೆಯಾಗಿಯೇ ಮಾಡಿಸಿದ್ದೇನೆ. ಅದರಲ್ಲಿಯೂ ಬೀಗ ಮುರಿದು ಒಳಹೊಕ್ಕ ಗುರುತು ಇರಬೇಕು. ಮನೆಯವರೋ ಕೆಲಸದವರೋ ಒಯ್ದರೆ ಸಾಮಾನ್ಯವಾಗಿ ಪರಿಹಾರವಿಲ್ಲ.

ಗಂಗಾವತಿಯಿಂದ:
ಕಾಗದವಿಲ್ಲದ ಒಡವೆಗಳ ಬಗ್ಗೆ ನನ್ನ ಅನುಭವ ಹೇಳುತ್ತೇನೆ. 'ಭಾರತ್ ಗೃಹ ರಕ್ಷಾ'ದಲ್ಲಿ ಬೆಲೆಬಾಳುವ ವಸ್ತುಗಳ ಒಟ್ಟು ಮೊತ್ತ 5 ಲಕ್ಷವನ್ನೂ, ಒಂದೊಂದು ವಸ್ತುವಿನ ಬೆಲೆ 1 ಲಕ್ಷವನ್ನೂ ಮೀರದಿದ್ದರೆ ಮೌಲ್ಯಮಾಪನ ಪತ್ರ ಬೇಕಿಲ್ಲ. ಈಗಿನ ದರದಲ್ಲಿ ಒಂದು ತೊಲೆಯ ಒಡವೆಯೇ ಆ ಮಿತಿಯನ್ನು ದಾಟುವುದರಿಂದ ಈ ವಿನಾಯಿತಿ ತಮ್ಮ ಪಾಟಲಿಗಳಿಗೆ ಒದಗುವುದು ಕಷ್ಟ. ನಾವು ಮೌಲ್ಯಮಾಪಕರ ಬಳಿ ಹೋದಾಗ, ಮೂರು ತೊಲೆಯೆಂದು ಮನೆಮಂದಿಯೆಲ್ಲ ನಂಬಿದ್ದ ನಮ್ಮ ಅತ್ತೆಯವರ ಬೋರಮಾಳದಲ್ಲಿ, ಮಣಿಗಳೊಳಗಿನ ಅರಗನ್ನೂ ದಾರವನ್ನೂ ಕಳೆದರೆ ಬಂಗಾರ ಎರಡು ತೊಲೆಗೂ ಕಡಿಮೆ ಎಂದು ಗೊತ್ತಾಯಿತು. ಅತ್ತೆಯವರು ಇಂದಿಗೂ ಅದನ್ನು ಒಪ್ಪಿಲ್ಲ! ಮೂರು ತೊಲೆಗೆ ಪ್ರೀಮಿಯಂ ಕಟ್ಟುವುದಂತೂ ತಪ್ಪಿತು.

ಪ್ರತಿಯೊಂದು ಒಡವೆಯನ್ನೂ ತಕ್ಕಡಿಯ ಮೇಲಿಟ್ಟು, ತೂಕದ ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ಹೊಸ ಒಡವೆಗಳಲ್ಲಿ ಹಾಲ್‌ಮಾರ್ಕ್ ಜೊತೆಗಿರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿರಿ. ಸೋದರಮಾವನವರಿಂದ ಒಂದು ಚೀಟಿ ಬರೆಸಿಕೊಳ್ಳುವುದಾದರೆ ನೆನಪು ಹಸಿರಾಗಿರುವ ಈಗಲೇ ಆಗಲಿ. ಕಳವಾದ ಮೇಲೆ ಬರೆಸಿದ ಚೀಟಿಯನ್ನು, ನಷ್ಟವನ್ನು ಅಂದಾಜು ಮಾಡುವ ವಿಮಾ ಸರ್ವೇಯರ್ ಅನುಮಾನದಿಂದಲೇ ನೋಡುತ್ತಾರೆ.

ಬಳ್ಳಾರಿಯಿಂದ:
ಲಾಕರ್‌ನಲ್ಲಿಟ್ಟರೆ ಮುಗಿಯಿತು ಎಂದುಕೊಳ್ಳಬೇಡಿರಿ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ಕಳವು, ಬೆಂಕಿ, ಸಿಬ್ಬಂದಿಯ ವಂಚನೆಯಂಥ ಪ್ರಸಂಗಗಳಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು ಮಾತ್ರ. 2,000 ರೂಪಾಯಿ ಬಾಡಿಗೆಯಿದ್ದರೆ 2 ಲಕ್ಷ. ಒಳಗೆ ಏನಿದೆಯೆಂಬುದು ಬ್ಯಾಂಕಿಗೆ ಗೊತ್ತಿರುವುದಿಲ್ಲ, ಅದಕ್ಕೆ ಬ್ಯಾಂಕು ವಿಮೆ ಮಾಡಿಸಿಕೊಡುವಂತೆಯೂ ಇಲ್ಲ.

ಇನ್ನೊಂದು ಮಾತು. ಒಡವೆಗಳು ಮಗಳವು, ಪಾಲಿಸಿ ತಮ್ಮ ಹೆಸರಿನದು, ನಾಳೆ ಅವಳು ಅವನ್ನು ಗಂಡನ ಮನೆಗೆ ಒಯ್ಯುವವಳು. ಆದ್ದರಿಂದ ಪಾಲಿಸಿಯನ್ನು ಯಾರ ಹೆಸರಿನಲ್ಲಿ, ಯಾವ ವಿಳಾಸಕ್ಕೆ ಮಾಡಿಸಬೇಕೆಂಬುದನ್ನು ಅಳಿಯನವರನ್ನೂ ಕೂಡಿಸಿಕೊಂಡು ಮೊದಲೇ ನಿಶ್ಚಯಿಸಿ, ಕಂಪನಿಯಿಂದ ಅದಕ್ಕೆ ಲಿಖಿತ ಉತ್ತರವನ್ನೇ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು.