ಕಂಪನಿ ಬಿಟ್ಟು ಕಾದಂಬರಿ ಬರೆಯುತ್ತಿದ್ದೇನೆ, ಆದರೆ ಅದು ವರದಿ ಥರ ಇದೆ

ಲಾರಿಲೆಕ್ಕ (ಕುವೆಂಪುನಗರ, ಮೈಸೂರು)
ನಮಸ್ಕಾರ. ಇಪ್ಪತ್ತಾರು ವರ್ಷ ಒಂದು ಕಂಪನಿಯ ಸಾಗಣೆ ವಿಭಾಗದಲ್ಲಿದ್ದೆ. ಕೊನೆಗೆ ಜನರಲ್ ಮ್ಯಾನೇಜರ್ ಆಗಿದ್ದೆ. ಲಾರಿ ಎಷ್ಟು, ಡೀಸೆಲ್ ಎಷ್ಟು, ಮಾಲು ಯಾವಾಗ ಮುಟ್ಟುತ್ತೆ, ಇಷ್ಟೇ ಬದುಕು. ಹೋದ ವರ್ಷ ಬಿಟ್ಟೆ. ಈಗ ಐತಿಹಾಸಿಕ ಕಾದಂಬರಿಗೆ ಕೈ ಹಾಕಿದ್ದೇನೆ. ಮನೆಯವಳಂತೂ ನನ್ನನ್ನು ನೋಡಿ ಸುಮ್ನೆ ನಗುತ್ತಾಳೆ.

ವಸ್ತು ಎತ್ತುಗಳು. ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಅಂತ ಒಂದು ಇಲಾಖೆ ಮಾಡಿದ್ದರಲ್ಲ, ಅದಕ್ಕೇ ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟದ್ದು. ಈ ಎತ್ತುಗಳ ಬಲದಿಂದಲೇ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿ ಚಿದಂಬರಕ್ಕೆ ಸೈನ್ಯ ಮುಟ್ಟಿಸಿದ ಅಂತ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಲಾರಿಗಳು ಗಡಿ ಚೆಕ್‌ಪೋಸ್ಟಿನಲ್ಲೇ ಒಂದು ದಿನ ನಿಂತದ್ದುಂಟು!

ನಾಯಕ ಶ್ರೀರಂಗಪಟ್ಟಣದಲ್ಲಿ ಎತ್ತಿನ ಲೆಕ್ಕ ಬರೆಯುವ ಗುಮಾಸ್ತ. ಕಥೆ 1799ರ ಏಪ್ರಿಲ್‌ನಲ್ಲಿ ಶುರುವಾಗುತ್ತೆ, ಮೇ 4ಕ್ಕೆ ಕೋಟೆ ಬೀಳುತ್ತೆ. ಮೊದಲ ಅಧ್ಯಾಯ ಮಗಳಿಗೆ ಕೊಟ್ಟೆ. "ಅಪ್ಪ, ಇದರಲ್ಲಿ ಮುಂದಿನ ತಿಂಗಳ ಟಾರ್ಗೆಟ್ ಒಂದು ಬಾಕಿ" ಅಂದಳು. ಮೊದಲ ಸಾಲು ಹೀಗಿದೆ: "ಕೋಟೆ ಬೀಳಲು ಮೂರು ಕಾರಣಗಳಿದ್ದವು." ಏನು ಮಾಡಲಿ?

ಪಶ್ಚಿಮವಾಹಿನಿ
ಮೊದಲು ಆ ಸಾಲು ಹೊಡೆದುಹಾಕಿ ಸರ್. ಕಂಪನಿ ಕೆಲಸದವರು ಅಂತ ಅಳುಕು ಬೇಡ, ಮಾಸ್ತಿಯವರೂ ಮೈಸೂರು ಸರ್ಕಾರದ ದೊಡ್ಡ ಅಧಿಕಾರಿಯೇ ಆಗಿದ್ದರು. ಒಂದು ನಾಲ್ಕು ಸಾಲು ಇಲ್ಲಿ ಹಾಕಿ, ನೋಡೋಣ.

ಲಾರಿಲೆಕ್ಕ
ಹಾಕುತ್ತಿದ್ದೇನೆ, ಬೈಯಬೇಡಿ: "ರಾತ್ರಿ ಎಂಟು ಗಂಟೆಗೆ ಮುದ್ದೆ, ಟೊಮೆಟೊ ಸಾರು ಉಂಡು ಗುಮಾಸ್ತ ಕಾಗದ, ಲೇಖನಿ ತೆಗೆದ. ಹದಿನೈದು ಕಿಲೋಮೀಟರ್ ದೂರದ ಹುಲ್ಲುಗಾವಲಿನಿಂದ ಹದಿನಾಲ್ಕು ಎತ್ತು ಬಂದಿದ್ದವು."

ಮಂಡ್ಯದ ಮೇಷ್ಟ್ರು
ಬೈಯುವುದಿಲ್ಲ. ಆದರೆ ಆ ಟೊಮೆಟೊ ತೆಗೆಯಿರಿ, ನಮ್ಮ ಸಾರಿಗೆ ಅದು ಬಂದದ್ದು ಬಹಳ ತಡವಾಗಿ. ಹುರುಳಿಕಾಳು ಬೇಯಿಸಿದ ಕಟ್ಟಿನ ಸಾರು ಹಾಕಿ, ರುಚಿಯೂ ಜಾಸ್ತಿ. ಗಂಟೆ ಬದಲು ಘಳಿಗೆ ಅನ್ನಿ. ಒಂದು ಘಳಿಗೆ ಅಂದರೆ ನಮ್ಮ 24 ನಿಮಿಷ. ಕಿಲೋಮೀಟರ್ ಬದಲು ಹರಿದಾರಿ. ದವಸದ ಬೆಲೆ, ಅಳತೆ ಬೇಕಿದ್ದರೆ ಫ್ರಾನ್ಸಿಸ್ ಬುಕಾನನ್ ಅನ್ನುವ ಇಂಗ್ಲಿಷ್ ಕಂಪನಿಯ ಡಾಕ್ಟರ ಪ್ರವಾಸದ ಪುಸ್ತಕ ನೋಡಿ. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ನಮ್ಮ ಕಡೆಯೆಲ್ಲ ತಿರುಗಿ ಕೊಳಗ, ಖಂಡುಗ, ನೇಗಿಲು ಏನನ್ನೂ ಬಿಡದೆ ಬರೆದುಕೊಂಡ ಮನುಷ್ಯ. ನಿಮಗೆ ಹೇಳಿ ಮಾಡಿಸಿದ ಜೋಡಿ.

ಈಗ ನಿಜವಾದ ವಿಷಯ. ನಿಮ್ಮ ಗುಮಾಸ್ತ ಕಾಗದ ಯಾಕೆ ತೆಗೆದ? ಅವನ ಹತ್ತಿರ ಕಡತ ಇರುತ್ತೆ. ಈಗ ಆಫೀಸಿನ ಫೈಲಿಗೆ ಕಡತ ಅನ್ನುತ್ತೇವೆ. ಆಗ ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು, ಮತ್ತೆ ಬರೆಯಬಹುದು. ಲೆಕ್ಕ ಬರೆಯುವವನ ಕೈಯಲ್ಲಿ ಒರೆಸಲು ಬರುವ ಪುಸ್ತಕ! ನಿಮ್ಮ ಕಥೆ ಅಲ್ಲಿದೆ ಸ್ವಾಮಿ, ಮೂರು ಕಾರಣಗಳಲ್ಲಿಲ್ಲ. ಅವನು ಏನು ಒರೆಸಿದ?

ಇನ್ನೊಂದು. ಮ್ಯಾನೇಜರುಗಳಿಗೆ ತೀರ್ಮಾನ ಮೊದಲು ಹೇಳುವ ಚಾಳಿ. ಏಪ್ರಿಲ್‌ನಲ್ಲಿ ಕೋಟೆಯೊಳಗಿದ್ದವನಿಗೆ ಮೇ 4 ಅನ್ನುವ ದಿನವೇ ಗೊತ್ತಿಲ್ಲ. ಮಳೆ ಬಂದು ಕಾವೇರಿ ತುಂಬಿದರೆ ಬದುಕಿದೆವು ಅಂತ ಅವನು ಹೊಳೆ ನೋಡುತ್ತಿದ್ದಾನೆ. ಆಚೆ ದಡದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದವರೂ ಅದೇ ಹೊಳೆ ನೋಡುತ್ತಿದ್ದಾರೆ, ತುಂಬುವ ಮೊದಲು ಒಳಗೆ ನುಗ್ಗಬೇಕು ಅಂತ. ಅವರ ಅಕ್ಕಿಯೂ ಮುಗಿಯುತ್ತಾ ಬಂದಿತ್ತು. ಮಾಲು ಬರುತ್ತೋ ಇಲ್ಲವೋ ಅಂತ ಕಾಯುವ ಸಂಕಟ ನಿಮಗಿಂತ ಚೆನ್ನಾಗಿ ಯಾವ ಸಾಹಿತಿಗೆ ಗೊತ್ತು? ಅದನ್ನು ಬರೆಯಿರಿ.

ಪಶ್ಚಿಮವಾಹಿನಿ
ಮೇಷ್ಟ್ರು ಹೇಳಿದ್ದು ಸರಿ. ಒಂದು ಸಲ ಮೇ ತಿಂಗಳಲ್ಲಿ, ಮಟಮಟ ಮಧ್ಯಾಹ್ನ, ಕೋಟೆ ಗೋಡೆ ಒಡೆದ ಜಾಗಕ್ಕೆ ಹೋಗಿ ನಿಲ್ಲಿ. ದಾಳಿ ನಡೆದದ್ದು ಅದೇ ಹೊತ್ತಿನಲ್ಲಿ. ಬಿಸಿಲು ಅಂದರೆ ಏನು, ನೀರು ಯಾಕೆ ಅಷ್ಟು ಕಡಿಮೆ ಇತ್ತು, ಎರಡೂ ಕಾಲಿಗೇ ಗೊತ್ತಾಗುತ್ತೆ. ಎತ್ತು ನೋಡಬೇಕಿದ್ದರೆ ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಕೇಂದ್ರ ಇದೆ. ಕೊಂಬಿನಿಂದ ಸ್ವಲ್ಪ ದೂರವೇ ನಿಂತುಕೊಳ್ಳಿ.

ಲಾರಿಲೆಕ್ಕ
ಮೇಷ್ಟ್ರೇ, "ಏನು ಒರೆಸಿದ" ಅಂತ ನೀವು ಕೇಳಿದ್ದು ಎರಡು ದಿನ ತಲೆ ತಿಂದಿತು. ನಾನೂ ಒಮ್ಮೆ ಒರೆಸಿದ್ದೇನೆ. ತಡವಾಗಿ ಬಂದ ಲಾರಿಯೊಂದನ್ನು ಹೊತ್ತಿಗೆ ಸರಿಯಾಗಿ ಬಂತು ಅಂತ ಬರೆದೆ. ಡ್ರೈವರ್ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ದಾರಿಯಲ್ಲಿ ಅಲ್ಲಿಗೆ ಹೋಗಿಬಂದಿದ್ದ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಮೊದಲ ಅಧ್ಯಾಯ ಪೂರ್ತಿ ಎತ್ತಿಟ್ಟೆ. ಈಗ ಹೀಗೆ ಶುರುವಾಗುತ್ತೆ: "ಎತ್ತು ಹದಿನಾಲ್ಕು ಎಂದು ಬರೆದ. ಬಾಗಿಲ ಕಡೆ ನೋಡಿದ. ಒರೆಸಿ, ಹನ್ನೊಂದು ಎಂದು ಬರೆದ."

ಮಗಳು ಓದಿದಳು. "ಆ ಮೂರು ಎತ್ತು ಎಲ್ಲಿ ಹೋದವು?" ಅಂತ ಕೇಳಿದಳು. ನನಗೂ ಇನ್ನೂ ಗೊತ್ತಿಲ್ಲ ಅಂದೆ.